ಕಿಟಕಿಯಕ್ಕನ ತಪ್ಪು

“ಎಡಕ್ಕೆ, ಎಡಕ್ಕೆ! ನಿಮ್ಮ ಎಡಕ್ಕಲ್ಲ ಸ್ವಾಮಿ, ನನ್ನ ಎಡಕ್ಕೆ!”

ದಹನಗೃಹದ ಬಾಗಿಲ ಚೌಕಟ್ಟಿಗೆ ಪೆಟ್ಟಿಗೆಯ ಒಂದು ಮೂಲೆ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರಲ್ಲಿ ಇಬ್ಬರು ಒಳಗಿದ್ದರು, ಇಬ್ಬರು ಇನ್ನೂ ಹೊರಗೆ ಬಿಸಿಲಲ್ಲಿದ್ದರು. ಹಿಂದಿನ ತುದಿ ಹಿಡಿದು ಕೂಗುತ್ತಿದ್ದವನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಅವನ ಪಕ್ಕದಲ್ಲಿ ಸತ್ತವಳ ಮಗಳು. ಮುಂದಿದ್ದ ಇಬ್ಬರು ಯುವಕರು ಸಂಶೋಧನಾ ವಿದ್ಯಾರ್ಥಿಗಳು. ತಾವು ಹೊತ್ತವಳ ಮುಖವನ್ನು ಅವರು ಒಮ್ಮೆಯೂ ಕಂಡವರಲ್ಲ.

“ಸ್ವಲ್ಪ ಓರೆ ಮಾಡಿ,” ಎಂದಳು ಮಗಳು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವಳಿಗೆ ಬಾಗಿಲಲ್ಲಿ ಸಿಕ್ಕಿಕೊಳ್ಳುವ ಮಂಚಗಳು ಹೊಸದಲ್ಲ.

ಓರೆ ಮಾಡಿದರು. ಒಳಗೆ ಭಾರವಾದದ್ದೊಂದು ಜರುಗಿ ಹಲಗೆಗೆ ಮೆತ್ತಗೆ ಬಡಿಯಿತು. ನಾಲ್ವರಿಗೂ ಕೇಳಿಸಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮುಚ್ಚಳ ತೆಗೆಯಕೂಡದೆಂದು ಶವಾಗಾರದವರು ಮೊದಲೇ ಹೇಳಿದ್ದರು. ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಳೆಯ ಪೀಠೋಪಕರಣ ತುಂಬಿದ ಕೋಣೆಯಲ್ಲಿ ಅವಳು ಬಿದ್ದದ್ದು ಶುಕ್ರವಾರ ಸಂಜೆ. ಯಾರೋ ಆ ಬಾಗಿಲು ತೆರೆದದ್ದು ಸೋಮವಾರ. ನಡುವೆ ಮಗಳು ಎರಡು ಸಲ ಫೋನ್ ಮಾಡಿ, ಅಮ್ಮನಿಗೆ ಏನೋ ಮುನಿಸು ಎಂದುಕೊಂಡು ಸುಮ್ಮನಾಗಿದ್ದಳು.

ಪೆಟ್ಟಿಗೆಯನ್ನು ಸಭಾಂಗಣದ ಮುಂದಿದ್ದ ಕಬ್ಬಿಣದ ಹಳಿಯ ಮೇಲಿಟ್ಟರು. ಹಳಿಯ ಆಚೆ ಬೂದು ಬಣ್ಣದ ಪರದೆ, ಪರದೆಯ ಆಚೆ ಕುಲುಮೆ. ಈಚೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಕುಲುಮೆಯವನು ಕೈವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಇಣುಕಿದ.

“ಶುರು ಮಾಡೋಣ್ವಾ? ಹೊರಗೆ ಇನ್ನೊಬ್ಬರದು ಬಂದು ನಿಂತಿದೆ.”

“ಬೇಡ ಬೇಡ,” ಎಂದು ಗ್ರಂಥಪಾಲಕರು ಕುರ್ಚಿಯಿಂದ ಅರ್ಧ ಎದ್ದರು. “ದೊಡ್ಡ ಮೇಷ್ಟ್ರು ಬರ್ತಿದಾರೆ. ಅವರು ಬರೋವರೆಗೂ ಕಾಯ್ಬೇಕು.”

“ದೊಡ್ಡ ಮೇಷ್ಟ್ರು ಅಂದ್ರೆ ಯಾರು?” ಕೇಳಿದವಳು ಸತ್ತವಳ ತಂಗಿ, ಮಗಳಿಗೆ ಚಿಕ್ಕಮ್ಮ. ಮನೆಯಲ್ಲೇ ಹೊಲಿಗೆ ಮಾಡಿ ಬದುಕುವವಳು. ಯಾರಿಗೂ ಹೆದರುವ ಪೈಕಿಯವಳಲ್ಲ.

“ನದಿ ವಿಜ್ಞಾನದ ಪ್ರಾಧ್ಯಾಪಕರಮ್ಮ. ಸಂಶೋಧನೆ ಲೆಕ್ಕ ಎಲ್ಲರಿಗೂ ತೆರೆದಿಡೋ ಮುಕ್ತ ವಿಜ್ಞಾನ ಕೇಂದ್ರ ಇದೆಯಲ್ಲ, ಈಗ ಅದಕ್ಕೂ ಅವರೇ ಅಧ್ಯಕ್ಷರು. ಯಾರೂ ಕರೀದೆ ತಾವಾಗೇ ಬರ್ತೀನಿ ಅಂದಿದಾರೆ. ಅದು ದೊಡ್ಡ ಮಾತು.”

“ನಮ್ಮಕ್ಕ ಕೆಳಗೆ ಬಿದ್ದಿದ್ದಾಗ ನಿಮ್ಮಲ್ಲಿ ಒಬ್ಬರೂ ಬರಲಿಲ್ಲ. ಈಗ ಬೂದಿ ಆಗೋಕೂ ಅವರ ಅಪ್ಪಣೆ ಬೇಕಾ?”

“ಚಿಕ್ಕಮ್ಮ, ಬಿಡು,” ಎಂದಳು ಮಗಳು.

ಅವಳು ಎದ್ದು ಹಿಂದಿನ ಮೂಲೆಯಲ್ಲಿದ್ದ ನೀರಿನ ಡಬ್ಬಿಯ ಹತ್ತಿರ ಹೋದಳು. ಪೆಟ್ಟಿಗೆ ಹೊತ್ತ ವಿದ್ಯಾರ್ಥಿಗಳಲ್ಲಿ ಗಡ್ಡ ಬಿಟ್ಟಿದ್ದವನು ಅಲ್ಲೇ ನಿಂತು ಕಾಗದದ ಲೋಟ ಹುಡುಕುತ್ತಿದ್ದ. ಅಳದೆ, ಮಾತಾಡದೆ ಪೆಟ್ಟಿಗೆ ಹೊತ್ತವಳನ್ನು ಅವನು ಸಿಬ್ಬಂದಿ ಎಂದೇ ತಿಳಿದಿದ್ದ.

“ನೀವೂ ಗ್ರಂಥಾಲಯದವರಾ ಮೇಡಂ?”

“ಅಲ್ಲ.”

“ನಾವು ಕೇಂದ್ರದ ಕಡೆಯಿಂದ. ಬರಲೇಬೇಕು ಅಂದಿದ್ರು.” ಅವನು ದನಿ ತಗ್ಗಿಸಿದ. “ನಿಜ ಹೇಳ್ಬೇಕಂದ್ರೆ ಇವರನ್ನ ನಾನು ನೋಡೇ ಇಲ್ಲ. ಹೆಸರು ಮಾತ್ರ ಬಾಯಿಪಾಠ. ಹೊಸಬರಿಗೆ ಕೊಡೋ ತರಬೇತಿ ಶುರುವಾಗೋದೇ ಇವರ ಕತೆಯಿಂದ.”

“ಯಾವ ಕತೆ?”

“ಒಪ್ಪಿಗೆ ಪಾಠ ಅಂತಾರೆ. ಡೇಟಾನ ಎಲ್ಲರಿಗೂ ಸಿಗೋ ಹಾಗೆ ಇಡ್ಬೇಕು ಸರಿ, ಆದರೆ ಯಾರದ್ದೋ ಅವರನ್ನ ಕೇಳಿ ಇಡ್ಬೇಕು, ಅಲ್ವಾ? ಇವರು ಕೇಳದೆ ಇಟ್ಬಿಟ್ರಂತೆ. ಒಬ್ಬ ಸಂಶೋಧಕಿ ಮಳೆ ಚಳಿ ಅನ್ನದೆ ಹೊಳೇಲಿ ನಿಂತು ಸೇರಿಸಿದ್ದನ್ನ, ಅವಳಿಗೇ ಗೊತ್ತಿಲ್ಲದ ಹಾಗೆ ಎತ್ತಿ ಹಾಕ್ಬಿಟ್ರು. ಪಾಪ, ಆ ಹುಡುಗಿ ಬದುಕು ಬೀದಿಗೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಪರದೆ ಮೇಲೆ ಮೊದಲು ಬರೋದೇ ಇವರು ಕೂರ್ತಿದ್ದ ಕಿಟಕಿ ಫೋಟೋ. ಕೆಳಗೆ ಕೆಂಪಕ್ಷರದಲ್ಲಿ, ‘ಹೀಗೆ ಮಾಡಬೇಡಿ’.”

ಅವನು ಲೋಟ ತುಂಬಿಸಿ ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು.

“ನೀವು ಇವರಿಗೆ ಏನಾಗ್ಬೇಕು?”

“ಮಗಳು,” ಎಂದಳು.

•

ಆ ಕಿಟಕಿ ಒಂದು ಕಾಲದಲ್ಲಿ ಪುಸ್ತಕ ವಾಪಸು ಕೊಡುವ ಜಾಗವಾಗಿತ್ತು. ಯಂತ್ರ ಬಂದ ಮೇಲೆ ಅಲ್ಲಿ ಕೆಲಸವಿಲ್ಲದೆ ಧೂಳು ಕೂತಿತ್ತು. “ಈಗ ಡೇಟಾ ಗೀಟಾ ಅಂತ ಎಲ್ಲ ಕಡೆ ಕೇಳ್ತಿದಾರೆ, ಅದೇನೋ ನೀನೇ ನೋಡ್ಕೋ,” ಎಂದು ಗ್ರಂಥಪಾಲಕರು ಆ ತಾಯಿಯನ್ನು ಅಲ್ಲಿ ಕೂರಿಸಿದರು. ಬೇರೆ ಯಾರಿಗೂ ಬೇಡವಾದ ಕೆಲಸ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗಳನ್ನು ಓದಿಸಿ, ಬೇರೆ ಊರಿಗೆ ಕಳಿಸಿ, ಸಂಜೆ ಮನೆಗೆ ಹೋದರೆ ಗೋಡೆಗಳ ಹತ್ತಿರ ಮಾತಾಡಬೇಕಿದ್ದವಳು ಆ ಕೆಲಸವನ್ನು ಎರಡು ಕೈಯಲ್ಲಿ ಬಾಚಿಕೊಂಡಳು.

ಬರುತ್ತಿದ್ದವರೆಲ್ಲ ಸಂಶೋಧನೆಗೆ ಆಗತಾನೇ ಕಾಲಿಟ್ಟ ಮಕ್ಕಳು. ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ಕಳ್ಳಮಾಲು ತಂದವರಂತೆ ಆಚೀಚೆ ನೋಡಿ ಪೆನ್‌ಡ್ರೈವ್ ಚಾಚುತ್ತಿದ್ದರು. ಅವಳು ಫೈಲುಗಳ ಹೆಸರು ಗಟ್ಟಿಯಾಗಿ ಓದುತ್ತಿದ್ದಳು.

“‘ಕೊನೆಯದು’. ‘ಕೊನೆಯ ಕೊನೆಯದು’. ‘ಇದೇ ಕೊನೆಯದು’. ‘ಇದೇ ಕೊನೆಯದು, ಹೊಸದು’. ಏನಪ್ಪಾ, ನಿನ್ನ ಕೊನೆಗಾಲಕ್ಕೆ ಕೊನೆಯೇ ಇಲ್ವಾ?”

ಅವರು ನಗುತ್ತಿದ್ದರು. ನಕ್ಕ ಮೇಲೆ ಹೆದರಿಕೆ ಒಂದೊಂದಾಗಿ ಹೊರಬರುತ್ತಿತ್ತು. ಯಾರಾದರೂ ಕದ್ದರೆ? ಮೇಷ್ಟ್ರು ಬೈದರೆ? ನನ್ನ ತಪ್ಪು ಊರಿಗೆಲ್ಲ ಕಂಡರೆ? ಅವಳು ಎಲ್ಲರಿಗೂ ಬಿಸ್ಕತ್ತು ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನಾಳೆ ನೀನಿಲ್ಲ ಅಂದ್ಕೋ. ಈ ಕೋಷ್ಟಕ ನೋಡಿದವರಿಗೆ ಏನಾದ್ರೂ ತಿಳಿಯತ್ತಾ? ಈ ಕಾಲಮ್ಮಿನ ತಲೆ ಮೇಲೆ ‘ಉ’ ಅಂತಿದೆ. ಉದ್ದವೋ, ಉಷ್ಣವೋ, ಉಪ್ಪೋ?” ಆಮೇಲೆ ಜೊತೆಯಲ್ಲಿ ಕೂತು, ಒಂದೊಂದೇ ಕಾಲಮ್ಮಿಗೆ ವಿವರ ಬರೆಸುತ್ತಿದ್ದಳು. ಮಕ್ಕಳು ಅವಳನ್ನು ಕಿಟಕಿಯಕ್ಕ ಎಂದು ಕರೆದರು. ಅವಳಿಗೆ ಅದು ಸಂಬಳಕ್ಕಿಂತ ಹಿತವಾಗಿತ್ತು.

ಆ ಮಕ್ಕಳಲ್ಲೊಬ್ಬಳು ದೊಡ್ಡ ಮೇಷ್ಟ್ರ ವಿದ್ಯಾರ್ಥಿನಿ. ಹೊಳೆಯಲ್ಲಿ ಮೀನುಗಳ ಲೆಕ್ಕ ತೆಗೆಯುತ್ತಿದ್ದಳು. ಮೊದಲ ದಿನ ಮೊಣಕಾಲುದ್ದದ ರಬ್ಬರ್ ಬೂಟಿನಲ್ಲೇ ಬಂದು, ನೆಲವೆಲ್ಲ ಕೆಸರು ಮಾಡಿ, ಕ್ಷಮಿಸಿ ಎಂದು ಕಣ್ಣು ತುಂಬಿಕೊಂಡಿದ್ದಳು. “ಅಯ್ಯೋ, ಮೀನಿನ ಹುಡುಗಿ! ಒಳಗೆ ಬಾ,” ಎಂದು ಪಕ್ಕದ ಬಾಗಿಲನ್ನು ಅಕ್ಕ ತೆರೆದಿದ್ದಳು. ಅಂದಿನಿಂದ ಆ ಹುಡುಗಿಗೆ ಕಿಟಕಿಯ ಒಳಗಡೆಯೇ ಒಂದು ಸ್ಟೂಲು. ಎಷ್ಟೋ ತಿಂಗಳು ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ಮೂರು ಮಳೆಗಾಲದ ಲೆಕ್ಕಗಳನ್ನು ಹಸನು ಮಾಡಿದರು. ಮಧ್ಯಾಹ್ನದ ಡಬ್ಬಿಯಲ್ಲಿ ಅಕ್ಕ ಎರಡು ಪಾಲು ತರತೊಡಗಿದಳು.

“ಮೇಷ್ಟ್ರಿಗೆ ಹೇಳಿದೀಯಾ, ಇದನ್ನ ಎಲ್ಲರಿಗೂ ಸಿಗೋ ಹಾಗೆ ಇಡ್ತಿದೀವಿ ಅಂತ?”

“ಹೇಳ್ದೆ ಅಕ್ಕ. ತಲೆ ಎತ್ತದೆ ಹೂಂ ಅಂದ್ರು.”

“ಹೂಂ ಅಂದ್ರಲ್ಲ, ಸಾಕು.”

ಕೊನೆಗೊಂದು ಸಂಜೆ ಎಲ್ಲ ಸಿದ್ಧವಾಯಿತು. ವಿಶ್ವವಿದ್ಯಾಲಯದ ಡೇಟಾ ಭಂಡಾರಕ್ಕೆ ಏನೇ ಹೋಗಲಿ, ಅಕ್ಕನ ಕಂಪ್ಯೂಟರಿನಿಂದ, ಅಕ್ಕನ ಖಾತೆಯಿಂದಲೇ ಹೋಗಬೇಕಿತ್ತು. ಅವಳು ಕೀಲಿಮಣೆಯನ್ನು ಹುಡುಗಿಯತ್ತ ತಿರುಗಿಸಿದಳು.

“ನೀನೇ ಒತ್ತು. ನಿನ್ನ ಮೀನು.”

“ಅಕ್ಕ, ನನ್ನ ತಪ್ಪೆಲ್ಲ ಕಾಣತ್ತೆ.”

“ಕಾಣಲಿ ಬಿಡೇ. ಕಂಡರೆ ತಾನೇ ಯಾರಾದ್ರೂ ತಿದ್ದೋದು?”

ಹುಡುಗಿ ಕಣ್ಣು ಮುಚ್ಚಿಕೊಂಡು ಒತ್ತಿದಳು. ಆಮೇಲೆ ಇಬ್ಬರೂ ಸಣ್ಣ ಮಕ್ಕಳ ಹಾಗೆ ನಕ್ಕರು.

•

ಮಗಳು ಬೈಂಡರನ್ನು ಹುಡುಕಿಕೊಂಡು ಹೊರಗೆ ಬಂದಳು. ಅವನು ಗೋಡೆಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅಂಗೈಯ ಗೋಂದಿನ ಪೊರೆ ಸುಲಿಯುತ್ತಿದ್ದ. ಸೋಮವಾರ ಬಾಗಿಲು ತೆರೆದು ಅವಳನ್ನು ಕಂಡವನು ಅವನೇ. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಮಾತು ಮಾತ್ರ ಹೆಚ್ಚಾಗಿತ್ತು.

“ಮಾಮ, ಅಮ್ಮ ಯಾರದೋ ಡೇಟಾನ ಕೇಳದೆ ಹಾಕಿದ್ಲಂತೆ. ಹೌದಾ?”

ಬೈಂಡರ್ ಸುಲಿದ ಪೊರೆಯನ್ನು ಉಂಡೆ ಮಾಡಿ ಎಸೆದ.

“ಯಾರು ಹೇಳಿದ್ದು?”

“ಎಲ್ಲರಿಗೂ ಗೊತ್ತಿದೆ. ಪಾಠ ಮಾಡ್ತಿದಾರಂತೆ. ನನಗೊಬ್ಬಳಿಗೆ ಗೊತ್ತಿಲ್ಲ.”

“ನಾನು ನಂಬಲ್ಲ ಕಣಮ್ಮ. ನಿಮ್ಮಮ್ಮ ನನ್ನ ಗೋಂದಿನ ಡಬ್ಬಿ ಎತ್ತೋಕೂ ಕೇಳ್ತಿದ್ದೋಳು. ಅಂಥವಳು…”

“ಅವಳು ಒಪ್ಕೊಂಡ್ಲಾ, ಇಲ್ವಾ?”

“ಒಪ್ಕೊಂಡ್ಲು,” ಎಂದ ಬೈಂಡರ್. “ವಿಚಾರಣೆ ಕೋಣೆ ಹೊರಗೆ ನಾನು ನೀರಿನ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಕಿವಿಯಾರೆ ಕೇಳ್ದೆ. ಅದೇ ನನಗೂ ಬಿಡಿಸಲಾಗದ ಗಂಟು. ಆಮೇಲೆ ಎಷ್ಟು ಕೆದಕಿದ್ರೂ ಬಾಯಿ ಬಿಡಲಿಲ್ಲ. ‘ಹೋಗ್ಲಿ ಬಿಡೋ, ಕೆಳಗೆ ತಂಪಾಗಿದೆ’ ಅನ್ನೋಳು.”

ಮಗಳಿಗೂ ಅವಳು ಅದನ್ನೇ ಹೇಳಿದ್ದಳು. ವರ್ಗವಾಯಿತು, ಈಗ ಕೆಳಗಿನ ಕೋಣೆ, ಬೇಸಿಗೆಗೆ ಹೇಳಿ ಮಾಡಿಸಿದಂತಿದೆ, ಜನರ ಕಾಟವಿಲ್ಲ. ಮಗಳು ನಂಬಿದ್ದಳು.

ಅವಳ ವಾರ್ಡಿನಲ್ಲೇ ಒಬ್ಬ ನರ್ಸ್ ರೋಗಿಯ ಕಾಯಿಲೆಯ ವಿವರವನ್ನು ಅವನನ್ನು ಕೇಳದೆ ಹೊರಗೆ ತೋರಿಸಿ ಕೆಲಸ ಕಳೆದುಕೊಂಡಿದ್ದಳು. ಆಗ ಎಲ್ಲರಿಗಿಂತ ಜೋರಾಗಿ ಛೀಮಾರಿ ಹಾಕಿದವಳು ಇವಳೇ. ಒಬ್ಬರ ಒಪ್ಪಿಗೆಯೆಂದರೆ ಏನೆಂದು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ನೆರಳಿನಲ್ಲಿ ನಿಂತವಳ ಮುಖ ಕೆಂಪಾಯಿತು. ಬೆಳಗಿನಿಂದ ಬಾರದ ಅಳು ಈಗ ಬರುವಂತಾಗಿ, ಅದು ದುಃಖದ್ದಲ್ಲವೆಂದು ತಿಳಿದು, ಅವಳು ಅದನ್ನು ನುಂಗಿಕೊಂಡಳು.

“ಅಷ್ಟೊಂದು ನಾಚಿಕೆ ಆಗಿತ್ತೇನೋ ಅವಳಿಗೆ,” ಎಂದಳು. “ಅದಕ್ಕೇ ನನಗೆ ಹೇಳಲಿಲ್ಲ.”

•

ಮೀನಿನ ಹುಡುಗಿಯ ಲೆಕ್ಕಗಳು ಭಂಡಾರ ಸೇರಿ ಒಂದು ವರ್ಷವಾದ ಮೇಲೆ, ಸಮುದ್ರದಾಚೆಯ ಯಾರೋ ಒಬ್ಬ ವಿಜ್ಞಾನಿ ಅವುಗಳನ್ನು ಇಳಿಸಿಕೊಂಡು ಓದಿದ. ಹೊಳೆ ಶುದ್ಧವಾಗಿದೆ, ಮೀನುಗಳು ಮರಳಿ ಬಂದಿವೆ ಎಂದು ಬರೆದೇ ದೊಡ್ಡ ಮೇಷ್ಟ್ರು ಹೆಸರು ಮಾಡಿದ್ದರು. ಮೀನುಗಳು ಮರಳಿಲ್ಲ, ವರ್ಷದಿಂದ ವರ್ಷಕ್ಕೆ ಸಾಯುತ್ತಿವೆ ಎಂದು ಅವರ ವಿದ್ಯಾರ್ಥಿನಿಯ ಲೆಕ್ಕವೇ ಹೇಳುತ್ತಿತ್ತು. ಆ ವಿಜ್ಞಾನಿ ಅದನ್ನು ನಯವಾಗಿಯೇ ಬರೆದು ಪ್ರಕಟಿಸಿದ. ಹುಡುಗಿಗೆ ಕೃತಜ್ಞತೆಯನ್ನೂ ಹೇಳಿದ.

ಮೇಷ್ಟ್ರು ಹುಡುಗಿಯನ್ನು ಕೋಣೆಗೆ ಕರೆದರು. ಬೈಯಲಿಲ್ಲ. ಕೂರಲು ಹೇಳಿದರು.

“ಈ ಡೇಟಾನ ನೀನು ಹಾಕಿದ್ಯೋ, ಆ ಹೆಂಗಸು ಹಾಕಿದ್ಲೋ? ಈಗಲೇ ಹೇಳ್ಬೇಡ. ಮನೆಗೆ ಹೋಗಿ ಯೋಚನೆ ಮಾಡು. ನಿನ್ನ ಪ್ರಬಂಧ ನನ್ನ ಮೇಜಿನ ಮೇಲೇ ಇದೆ, ಎಲ್ಲಿಗೂ ಹೋಗಲ್ಲ.”

ವಿಚಾರಣೆ ನಡೆದ ಕೋಣೆಯಲ್ಲಿ ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಒಂದು ನೀರಿನ ಬಾಟಲಿ. ಮೊದಲು ಹುಡುಗಿಯನ್ನು ಕೇಳಿದರು. ಅವಳು ಬಾಟಲಿಯ ಮೇಲಿನ ಚೀಟಿಯನ್ನು ಓದುತ್ತಿರುವವಳಂತೆ ತಲೆ ತಗ್ಗಿಸಿಕೊಂಡು ಹೇಳಿದಳು: “ನನಗೆ ಗೊತ್ತಿರಲಿಲ್ಲ. ಹಸನು ಮಾಡಿಕೊಡ್ತೀನಿ ಅಂತ ಇಸ್ಕೊಂಡಿದ್ರು. ಹಾಕ್ತಾರೆ ಅಂತ ಹೇಳಲಿಲ್ಲ.”

ಕಿಟಕಿಯಕ್ಕ ಅವಳ ಎದುರಿಗೇ ಕೂತಿದ್ದಳು. ಅವಳಿಗೆ ಮೊದಲು ಸಿಟ್ಟು ಬಂತು. ಕಿವಿಯ ತನಕ ಬಿಸಿಯೇರಿ, ಈ ಬೆರಳೇ ಒತ್ತಿದ್ದು ಎಂದು ಹುಡುಗಿಯ ಕೈಯನ್ನು ಮೇಲೆತ್ತಿ ತೋರಿಸಬೇಕೆನಿಸಿತು. ಆ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಉಗುರುಗಳನ್ನು ರಕ್ತ ಬರುವಂತೆ ಕಚ್ಚಿಕೊಂಡಿದ್ದಳು. ಇವಳಿಗೆ ಇನ್ನೂ ಇಡೀ ಬದುಕು ಮುಂದಿದೆ ಎಂದುಕೊಂಡಳು ಅಕ್ಕ. ನನ್ನದೇನು, ಮುಗಿಯುತ್ತ ಬಂತು.

“ಹೌದು,” ಎಂದಳು. “ನಾನೇ ಹಾಕಿದ್ದು. ಅವಳನ್ನ ಕೇಳಲಿಲ್ಲ.”

ಅಂದು ಸಂಜೆ ಅವಳು ಕಿಟಕಿಯನ್ನು ಎಂದಿಗಿಂತ ಹೆಚ್ಚು ಹೊತ್ತು ತೆರೆದಿಟ್ಟುಕೊಂಡು ಕೂತಳು. ಹುಡುಗಿ ಬಂದೇ ಬರುತ್ತಾಳೆ. ಏನೂ ಹೇಳದಿದ್ದರೂ ಸರಿ, ಬಂದು ಸ್ಟೂಲಿನ ಮೇಲೆ ಕೂತರೆ ಸಾಕು. ಕಾವಲಿನವನು ಬಂದು ದೀಪ ಆರಿಸಬೇಕು ಎಂದಾಗ ಎದ್ದಳು.

ಭಂಡಾರದಿಂದ ಮೀನಿನ ಲೆಕ್ಕಗಳನ್ನು ತೆಗೆದುಹಾಕಿದರು. ಆ ಪುಟದಲ್ಲಿ ಈಗ ಒಂದೇ ಸಾಲು: ಸಂಶೋಧಕಿಯ ಒಪ್ಪಿಗೆಯಿಲ್ಲದೆ ಸೇರಿಸಿದ್ದರಿಂದ ಹಿಂಪಡೆಯಲಾಗಿದೆ. ಪಕ್ಕದಲ್ಲಿ ಸೇರಿಸಿದವಳ ಹೆಸರು. ಸಮುದ್ರದಾಚೆಯ ವಿಜ್ಞಾನಿಯ ಲೇಖನ ಕದ್ದ ಮಾಲಿನ ಮೇಲೆ ಬರೆದದ್ದೆಂದು ತೀರ್ಮಾನವಾಗಿ, ಹೊಳೆಯಲ್ಲಿ ಮೀನುಗಳು ಮರಳಿ ಬಂದವು. ಅಕ್ಕನನ್ನು ನೆಲಮಾಳಿಗೆಗೆ ಇಳಿಸಿದರು. ಮುರಿದ ಮೇಜು, ಕುಂಟು ಕುರ್ಚಿಗಳಿಗೆ ನಂಬರು ಬರೆದು ಅಂಟಿಸುವ ಕೆಲಸ. ಅಲ್ಲಿ ಯಾರಾದರೂ ಓಡಾಡುತ್ತಿದ್ದರೆ ಮಾತ್ರ ದೀಪ ಉರಿಯುತ್ತಿತ್ತು. ಅಲುಗದೆ ಕೂತರೆ ತಾನಾಗಿ ಆರಿಹೋಗುತ್ತಿತ್ತು. ಅವಳು ಊಟದ ನಡುವೆ ಆಗಾಗ ಒಂದು ಕೈಯನ್ನು ಗಾಳಿಯಲ್ಲಿ ಬೀಸುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ತಲೆಯೆತ್ತಿ ಕಾಯುತ್ತಿದ್ದಳು. ಬರುತ್ತಿದ್ದವನು ಬೈಂಡರ್.

ಕೆಲವು ವರ್ಷಗಳಾದ ಮೇಲೆ ಮೇಲಿನವರ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಮುಕ್ತ ವಿಜ್ಞಾನಕ್ಕೆ ಏರ್ಪಾಡು ಇಲ್ಲದ ವಿಶ್ವವಿದ್ಯಾಲಯಕ್ಕೆ ಅನುದಾನವಿಲ್ಲ ಎಂದು ಹಣ ಕೊಡುವ ಹೊರಗಿನವರು ಖಡಾಖಂಡಿತ ಹೇಳಿಬಿಟ್ಟರು. ತರಾತುರಿಯಲ್ಲಿ ಒಂದು ಕೇಂದ್ರ ತೆರೆದರು. ದೊಡ್ಡ ಮೇಷ್ಟ್ರು ಅಧ್ಯಕ್ಷರು. ಯುವ ಸಂಶೋಧಕರಿಗೆ ದಾರಿ ತೋರಿಸಲು ಒಬ್ಬ ಸಂಯೋಜಕಿ ಬೇಕಾಗಿತ್ತು. ಅದಕ್ಕೆ ಮೀನಿನ ಹುಡುಗಿಗಿಂತ ಚೆನ್ನಾಗಿ ಕೆಲಸ ಬಲ್ಲವರು ಯಾರೂ ಇರಲಿಲ್ಲ. ಬಲ್ಲವರಿಂದಲೇ ಕಲಿತಿದ್ದಳು.

ಕೇಂದ್ರಕ್ಕೆ ಪೀಠೋಪಕರಣ ನೋಡಲು ಅವಳು ನೆಲಮಾಳಿಗೆಗೆ ಬಂದಳು. ಹೆಜ್ಜೆ ಸದ್ದು ಗುರುತು ಸಿಕ್ಕಿ ಅಕ್ಕ ಎದ್ದೇ ನಿಂತಳು. ಕೈಯಲ್ಲಿದ್ದ ಅಂಟುಚೀಟಿ ಬೆರಳಿಗೇ ಅಂಟಿಕೊಂಡಿತು.

“ಮೇಡಂ,” ಎಂದಳು ಹುಡುಗಿ. “ಚೆನ್ನಾಗಿರೋ ಕುರ್ಚಿ ಒಂದಾರು ಬೇಕಿತ್ತು.”

ಮೇಡಂ ಎಂಬ ಮಾತು ಕೇಳಿ ಅಕ್ಕ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ತಿರುಗಿ ನೋಡಿದಳು. ಆಮೇಲೆ ಒಳ್ಳೆಯ ಕುರ್ಚಿಗಳನ್ನು ಆರಿಸಿ, ಒಂದೊಂದರ ಕಾಲನ್ನೂ ಅಲ್ಲಾಡಿಸಿ ನೋಡಿ, ತನ್ನ ಸೆರಗಿನಿಂದ ಧೂಳು ಒರೆಸಿ ಸಾಲಾಗಿ ಇಟ್ಟಳು. ಹುಡುಗಿ ಫೋನ್ ನೋಡುತ್ತ ನಿಂತಿದ್ದಳು. ಎಷ್ಟು ಅಲುಗದೆ ನಿಂತಿದ್ದಳೆಂದರೆ, ಅಕ್ಕ ಆ ಕಡೆಯ ಮೂಲೆಗೆ ಹೋದಾಗ ಅವಳ ನೆತ್ತಿಯ ಮೇಲಿನ ದೀಪ ಆರಿಹೋಯಿತು.

“ಊಟ ಆಯ್ತಾ?” ಎಂದು ಕತ್ತಲೆಯತ್ತ ನೋಡಿ ಅಕ್ಕ ಕೇಳಿದಳು.

“ಆಯ್ತು ಮೇಡಂ. ಥ್ಯಾಂಕ್ಸ್.”

•

ದೊಡ್ಡ ಮೇಷ್ಟ್ರ ಕಾರು ಬಂದಾಗ ಹೊರಗೆ ಕಾಯುತ್ತಿದ್ದ ಇನ್ನೊಂದು ಶವದ ಬಂಧುಗಳು ಗೊಣಗಾಡಲು ಶುರು ಮಾಡಿದ್ದರು. ಮೇಷ್ಟ್ರ ಹಿಂದೆ ಸಂಯೋಜಕಿ ಇಳಿದಳು. ಅವಳನ್ನು ಮೀನಿನ ಹುಡುಗಿ ಎಂದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಕೈಯಲ್ಲಿ ಕೇಂದ್ರದ ಹೆಸರು ಬರೆದ ಹೂವಿನ ಚಕ್ರ. ಅದನ್ನು ಪೆಟ್ಟಿಗೆಯ ಮೇಲಿಟ್ಟು, ಹೆಸರು ಎಲ್ಲರಿಗೂ ಕಾಣುವಂತೆ ಗ್ರಂಥಪಾಲಕರು ಸ್ವಲ್ಪ ತಿರುಗಿಸಿದರು.

ಮೇಷ್ಟ್ರು ಮಾತಾಡಲು ನಿಂತರು. ಒಳ್ಳೆಯ ಕಂಠ, ಎಲ್ಲಿ ತಗ್ಗಿಸಬೇಕೆಂದು ಬಲ್ಲ ಕಂಠ.

“ಮುಕ್ತ ವಿಜ್ಞಾನ ಅನ್ನೋ ಸಸಿಯನ್ನ ನಾವು ಈ ವಿಶ್ವವಿದ್ಯಾಲಯದಲ್ಲಿ ನೆಟ್ಟಾಗ ಅದಕ್ಕೆ ನೀರೆರೆದ ಕೈಗಳಲ್ಲಿ ಇವರದೂ ಒಂದು. ಅತಿ ಉತ್ಸಾಹ ಇತ್ತು. ಆ ಉತ್ಸಾಹದಲ್ಲಿ ಒಂದು ದೊಡ್ಡ ತಪ್ಪಾಯ್ತು. ಮನುಷ್ಯರಲ್ವಾ? ನಾವು ಕೆಲಸದಿಂದ ತೆಗೀಬಹುದಾಗಿತ್ತು. ತೆಗೀಲಿಲ್ಲ. ನೆರಳಲ್ಲಿ ಕೂರಿಸಿ ಕಾಪಾಡ್ಕೊಂಡ್ವಿ. ಇವತ್ತು ಅವರ ಮುಂದೆ ನಿಂತು ಹೇಳ್ತೀನಿ. ಆ ತಪ್ಪನ್ನ ನಾನು ಯಾವತ್ತೋ ಕ್ಷಮಿಸಿದೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಹೋಗಿ, ಅಂಗೈಗಳನ್ನು ಹಾಗೇ ಒತ್ತಿ ಹಿಡಿದರು.

“ನೀನೂ ಎರಡು ಮಾತು ಹೇಳಮ್ಮ,” ಎಂದರು ಮೇಷ್ಟ್ರು ಸಂಯೋಜಕಿಗೆ.

ಅವಳು ಎದ್ದಳು. “ಅಕ್ಕ…” ಎಂದಳು. ಎಷ್ಟೋ ಕಾಲದಿಂದ ಆಡದ ಆ ಮಾತು ಬಾಯಿಂದ ಜಾರಿ, ಅವಳಿಗೇ ದಿಗಿಲಾದಂತೆ ಕಂಡಿತು. ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ಅವಳು ಪೆಟ್ಟಿಗೆಯಿಂದ ಕಣ್ಣು ಕಿತ್ತು, “ಅವರಿಂದ ನಾನು ತುಂಬ ಕಲ್ತಿದೀನಿ,” ಎಂದಷ್ಟೇ ಹೇಳಿ ಕೂತುಬಿಟ್ಟಳು.

ಆಗ ಮಗಳು ಎದ್ದು ಅವರಿಬ್ಬರ ಮುಂದೆ ಬಂದು ನಿಂತಳು.

“ಸರ್, ನಾನು ಅವರ ಮಗಳು. ನನಗೆ ಇವತ್ತೇ ಗೊತ್ತಾಗಿದ್ದು. ಅಮ್ಮ ಯಾವತ್ತೂ ಹೇಳಿರಲಿಲ್ಲ. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ.”

“ಯಾಕಮ್ಮ ಕೇಳ್ತೀಯಾ?” ಎಂದು ಬೈಂಡರ್ ಬಾಗಿಲಿನಿಂದಲೇ ಕೂಗಿದ. “ಯಾರ ಹತ್ರ ಕೇಳ್ತಿದೀಯಾ?”

ಗ್ರಂಥಪಾಲಕರು ಹೋಗಿ ಅವನ ಮೊಣಕೈ ಹಿಡಿದುಕೊಂಡರು. “ನಿನಗೇನಾದ್ರೂ ಗೊತ್ತಿದ್ರೆ ಹೇಳು. ಇಲ್ಲಾಂದ್ರೆ ಸುಮ್ನಿರು.”

ಬೈಂಡರ್ ಬಾಯಿ ತೆರೆದ. ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಕುರ್ಚಿಯಲ್ಲಿ ಕೂತು ತನ್ನ ಮಡಿಲು ನೋಡುತ್ತಿದ್ದಳು.

ಮಗಳು ಅವಳತ್ತ ತಿರುಗಿದಳು. “ಆ ಸಂಶೋಧಕಿ ನೀವೇ ಅಂತ ಗ್ರಂಥಪಾಲಕರು ಈಗಷ್ಟೇ ಹೇಳಿದ್ರು. ಎಲ್ಲರಿಗಿಂತ ಹೆಚ್ಚು ನೋವು ತಿಂದೋರು ನೀವು. ದಯವಿಟ್ಟು ಅಮ್ಮನ್ನ ಕ್ಷಮಿಸಿಬಿಡಿ. ಅವಳು ಹೋಗೋ ಮುಂಚೆ ಒಂದು ಮಾತು ಹೇಳಿ. ಅವಳಿಗೆ ಕೇಳಿಸ್ಲಿ.”

ಇಡೀ ಸಭಾಂಗಣ ಕಾಯಿತು. ಪರದೆಯ ಸಂದಿಯಿಂದ ಕುಲುಮೆಯವನೂ ನೋಡುತ್ತಿದ್ದ.

“ಪರವಾಗಿಲ್ಲ,” ಎಂದಳು ಸಂಯೋಜಕಿ. “ನಾನು ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ.”

ಮಗಳು ಬಾಗಿ ಅವಳನ್ನು ತಬ್ಬಿಕೊಂಡಳು. ನುಂಗಿಕೊಂಡಿದ್ದ ಅಳು ಅವಳ ಭುಜದ ಮೇಲೆ ಒಡೆಯಿತು. ಸಂಯೋಜಕಿಯ ಕೈಗಳು ಸ್ವಲ್ಪ ಹೊತ್ತು ಎರಡೂ ಬದಿಗೆ ಜೋತುಬಿದ್ದಿದ್ದು, ನಂತರ ಮೇಲೆದ್ದು ಬೆನ್ನು ತಟ್ಟಿದವು.

“ತರಬೇತೀಲಿ ಹೇಳ್ಕೊಡ್ತೀರಂತಲ್ಲ,” ಎಂದಳು ಮಗಳು ಬಿಕ್ಕುತ್ತ. “ನಿಲ್ಲಿಸ್ಬೇಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ. ಇನ್ಯಾರೂ ಹಾಗೆ ಮಾಡಬಾರದು.”

“ಎಂಥ ಮಗಳು!” ಎಂದರು ಮೇಷ್ಟ್ರು, ನಿಜವಾಗಿಯೂ ಮನಕರಗಿ.

“ಆಯ್ತಾ?” ಎಂದ ಕುಲುಮೆಯವನು. “ಹೊರಗಿನವರು ಬಾಗಿಲು ಬಡೀತಿದಾರೆ.”

ಹೂವಿನ ಚಕ್ರದಲ್ಲಿ ತಂತಿ ಇರುವುದರಿಂದ ಒಳಗೆ ಬಿಡುವಂತಿಲ್ಲ ಎಂದು ಅವನು ಅದನ್ನು ತೆಗೆದು ಗೋಡೆಗೆ ಒರಗಿಸಿದ. ಪರದೆ ಸರಿಯಿತು. ಪೆಟ್ಟಿಗೆ ಹಳಿಯ ಮೇಲೆ ಕಿರ್ರೆನ್ನುತ್ತ ಹೋಯಿತು. ಚಿಕ್ಕಮ್ಮ ಒಬ್ಬಳೇ “ಅಕ್ಕಾ!” ಎಂದು ಕೂಗಿದಳು.

ಬೂದಿ ಸಿಗುವುದು ಸಂಜೆಗೆ. ಅದಕ್ಕಾಗಿ ಚಿಕ್ಕಮ್ಮನೂ ಬೈಂಡರೂ ಅಲ್ಲೇ ಉಳಿದರು. ಮಗಳು ಹೋಗಲೇಬೇಕಿತ್ತು. ಅಮ್ಮನಿದ್ದ ಮನೆ ವಿಶ್ವವಿದ್ಯಾಲಯದ್ದು, ಹೊಸಬರು ಬರುವವರಿದ್ದಾರೆ, ಇಂದೇ ತೆರವು ಮಾಡಿದರೆ ಉಪಕಾರವಾದೀತು ಎಂದು ಗ್ರಂಥಪಾಲಕರು ಬಹಳ ಸಂಕೋಚದಿಂದ ತಿಳಿಸಿದ್ದರು.

“ಬಾರಮ್ಮ, ನಮ್ಮ ಕಾರಲ್ಲೇ ಬಿಡ್ತೀವಿ,” ಎಂದರು ಮೇಷ್ಟ್ರು.

ಸಂಯೋಜಕಿ ಡ್ರೈವರ್ ಪಕ್ಕದಲ್ಲಿ ಕೂತಳು. ಹಿಂದೆ ಮೇಷ್ಟ್ರು ಮತ್ತು ಮಗಳು. ಊರಾಚೆಯ ರಸ್ತೆ ಕಿತ್ತುಹೋಗಿತ್ತು. ಮೇಷ್ಟ್ರು ಸ್ವಲ್ಪ ಹೊತ್ತು ತಾಯ್ತಂದೆಯರ ಬಗ್ಗೆ ಏನೋ ಹೇಳುತ್ತಿದ್ದು, ಮಾತಿನ ನಡುವೆಯೇ ಕಣ್ಣೆವೆ ಮುಚ್ಚಿದರು. ವಯಸ್ಸಾಗಿತ್ತು, ಬೆಳಗಿನಿಂದ ದಣಿದಿದ್ದರು. ಒಂದು ತಿರುವಿನಲ್ಲಿ ಅವರ ತಲೆ ಮೆಲ್ಲನೆ ವಾಲಿ ಮಗಳ ಭುಜದ ಮೇಲೆ ಬಂದು ನಿಂತಿತು. ಬಾಯಿ ಸ್ವಲ್ಪ ತೆರೆದುಕೊಂಡು, ಸಣ್ಣ ಗೊರಕೆ ಶುರುವಾಯಿತು.

ಮಗಳು ಒಂದು ಕ್ಷಣ ಏನು ಮಾಡಬೇಕೆಂದು ತೋಚದೆ ಮುಂದೆ ನೋಡಿದಳು. ಕನ್ನಡಿಯಲ್ಲಿ ಸಂಯೋಜಕಿಯ ಕಣ್ಣುಗಳು ಅವಳ ಮೇಲಿದ್ದವು, ಕೂಡಲೇ ಸರಿದವು.

“ನಿಧಾನ ಹೋಗಿ,” ಎಂದು ಸಂಯೋಜಕಿ ಡ್ರೈವರನ ಕಡೆ ಬಾಗಿ ಪಿಸುಗುಟ್ಟಿದಳು. “ಸರ್ ಮಲಗಿದಾರೆ.”

ಕಾರು ಹಳ್ಳಗಳನ್ನು ಬಳಸಿಕೊಂಡು ನಿಧಾನವಾಗಿ ಸಾಗಿತು. ಮಗಳು ಬೆನ್ನು ನೆಟ್ಟಗೆ ಮಾಡಿ, ಭುಜವನ್ನು ಆ ತಲೆಗೆ ಸರಿಯಾಗುವಷ್ಟು ತಗ್ಗಿಸಿ ಕೂತಳು. ಕಣ್ಣೀರು ಮೂಗಿನ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಅವರಿಗೆ ಎಚ್ಚರವಾದೀತೆಂದು, ಅದನ್ನು ಹಾಗೇ ಬೀಳಲು ಬಿಟ್ಟಳು.